ಏಳು ತಿಂಗಳು ಹೆಚ್ಚಾದ ಗೋಲ್‌ಕೀಪರ್

ಯಾದಗಿರಿಯ ಹನ್ನಾ ಸ್ಮಾರಕ ಮಹಿಳಾ ಕಾಲೇಜಿನಲ್ಲಿ ಫುಟ್‌ಬಾಲ್ ಅಭ್ಯಾಸದ ದಿನಗಳನ್ನು ನಿಗದಿ ಮಾಡುತ್ತಿದ್ದುದು ಕಾಲುವೆಯ ನೀರು. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟ ಹದಿನಾಲ್ಕು ದಿನ ತಂಡದ ಅರ್ಧ ಹುಡುಗಿಯರು ಮೈದಾನದಲ್ಲಿ ಕಾಣುತ್ತಿರಲಿಲ್ಲ. ಶಹಾಪುರ, ಸುರಪುರದ ಕಡೆಯ ತಮ್ಮ ಊರುಗಳಿಗೆ ಹೋಗಿ ಗದ್ದೆಯಲ್ಲಿ ಭತ್ತದ ನಾಟಿ ಹಚ್ಚುತ್ತಿದ್ದರು. ನೀರು ಬಂದ್ ಆದ ಮೇಲೆ ಒಡೆದ ಹಿಮ್ಮಡಿ, ಕೆಸರು ಕಚ್ಚಿದ ಉಗುರುಗಳೊಂದಿಗೆ ಹಾಸ್ಟೆಲಿಗೆ ಮರಳುತ್ತಿದ್ದರು. ತರಬೇತುದಾರ ಮನ್ಸೂರಅಲಿ ಪ್ರತಿವರ್ಷ ನೀರಾವರಿ ಕಚೇರಿಯಿಂದ ಚಾಲು-ಬಂದ್ ತಾರೀಖುಗಳ ಹಾಳೆ ತಂದು ಪ್ರಿನ್ಸಿಪಾಲರ ಕೋಣೆಯ ಗೋಡೆಗೆ ಅಂಟಿಸುತ್ತಿದ್ದ.

"ಇದು ಫುಟ್‌ಬಾಲ್ ಟೈಮ್‌ಟೇಬಲ್ಲೋ, ಭತ್ತದ್ದೋ ಮನ್ಸೂರ್?" ಎಂದು ಪ್ರಿನ್ಸಿಪಾಲ್ ದೇವಕಮ್ಮ ಸಾಮ್ಯುವೆಲ್ ಒಮ್ಮೆ ಕೇಳಿದ್ದರು. ಕಾಲೇಜಿನಲ್ಲಿ ಎಲ್ಲರೂ ಅವರನ್ನು ಮಿಸ್ ಎನ್ನುತ್ತಿದ್ದರು.

"ಎರಡೂ ಒಂದ ರೀ ಮಿಸ್. ನೀರು ಹೋತಂದ್ರ ಹುಡುಗ್ಯಾರು ಬರ್ತಾರ."

ಮನ್ಸೂರಅಲಿ ಸುರಪುರದವನು. ತಂದೆಗೆ ಸೈಕಲ್ ರಿಪೇರಿಯ ಅಂಗಡಿ. ಹದಿನೆಂಟರ ವಯಸ್ಸಿನಲ್ಲಿ ಹೈದರಾಬಾದಿನ ಚಿಕ್ಕಪ್ಪನ ಮನೆಗೆ ಹೋಗಿ, ಅಲ್ಲಿಯ ಒಂದು ಕಾರ್ಖಾನೆಯ ತಂಡದಲ್ಲಿ ಎರಡನೇ ಗೋಲ್‌ಕೀಪರ್ ಆದ. ಎರಡನೇ ಗೋಲ್‌ಕೀಪರ್ ಎಂದರೆ ಬೆಂಚಿನ ಮೇಲೆ ಕುಳಿತು ಮೊದಲನೆಯವನಿಗೆ ಪೆಟ್ಟಾಗುವುದನ್ನು ಕಾಯುವವನು. ಹಾಗೆ ಕಾಯುತ್ತಿದ್ದೇನೆಂದು ತನಗೂ ಹೇಳಿಕೊಳ್ಳಬಾರದವನು. ಆರು ವರ್ಷದಲ್ಲಿ ಹನ್ನೊಂದು ಪಂದ್ಯ ಆಡಿದ. ಹನ್ನೆರಡನೆಯದರಲ್ಲಿ ಬಲಗಡೆಯ ಭುಜ ಕೀಲು ತಪ್ಪಿತು. ಅದನ್ನು ಸರಿಯಾಗಿ ಕೂಡಿಸುವವರು ಸಿಗಲಿಲ್ಲ. ಊರಿಗೆ ಮರಳಿ, ಏಳೆಂಟು ವರ್ಷ ಸೈಕಲ್ ಟ್ಯೂಬಿಗೆ ತೇಪೆ ಹಾಕಿ, ಕೊನೆಗೆ ಯಾದಗಿರಿಯ ಈ ಮಿಷನ್ ಕಾಲೇಜಿಗೆ ಬಂದ. ತರಬೇತಿಯ ಸರ್ಟಿಫಿಕೇಟ್ ಇಲ್ಲದ ಕಾರಣ ಹಾಜರಿ ಪುಸ್ತಕದಲ್ಲಿ ಅವನು ಅಟೆಂಡರ್. ಬೆಳಿಗ್ಗೆ ಗಂಟೆ ಬಾರಿಸುವುದು, ಪ್ರಾರ್ಥನೆಗೆ ಚಾಪೆ ಹಾಸುವುದು, ಸಂಜೆ ಸೀಟಿ ಊದುವುದು ಎಲ್ಲ ಅವನದೇ ಕೆಲಸ.

ಹನ್ನೆರಡು ವರ್ಷದಲ್ಲಿ ಅವನು ಒಳ್ಳೆಯ ತಂಡಗಳನ್ನೇ ಕಟ್ಟಿದ. ಆದರೆ ಒಬ್ಬ ಗೋಲ್‌ಕೀಪರನ್ನು ಕಟ್ಟಲಾಗಲಿಲ್ಲ. ಓಡುವ ಹುಡುಗಿಯರಿಗೆ ಬರವಿರಲಿಲ್ಲ, ಬೀಳುವವರು ಸಿಗುತ್ತಿರಲಿಲ್ಲ. ನೋಡಿ ನಡಿ, ಬಿದ್ದೀಯ, ಕೈಕಾಲು ಊನಾದರೆ ಯಾರು ಮಾಡಿಕೊಳ್ಳುತ್ತಾರೆ ಎಂಬ ಮಾತನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರು. ಗೋಲಿನಲ್ಲಿ ನಿಲ್ಲಿಸಿದರೆ ಚೆಂಡು ಮೂಲೆಗೆ ಹೋಗುವುದನ್ನು ಸಭ್ಯವಾಗಿ ನೋಡುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಶಹಾಪುರ ತಾಲೂಕಿನ ಮಡ್ಡಿಹಾಳದಿಂದ ಪಿಯುಸಿಗೆ ಬಂದ ಮೋನಮ್ಮ ಹಾಗೆ ನೋಡಲಿಲ್ಲ. ಮೊದಲ ದಿನವೇ ಎಡಕ್ಕೆ ಹಾರಿ ಚೆಂಡು ಹಿಡಿದು, ಮೊಣಕೈ ತರಚಿಕೊಂಡು ಎದ್ದು, ಲಂಗದ ಮಣ್ಣು ಕೊಡವಿಕೊಂಡಳು. ಮನ್ಸೂರಅಲಿ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನು ಮರೆತ.

"ಹಿಡಿಯೋದು ಎಲ್ಲಿ ಕಲ್ತಿ?"

"ಎಲ್ಲೂ ಇಲ್ರಿ ಸರ್. ಗದ್ದಿಯಾಗ ಸಸಿ ಕಟ್ಟು ಒಗಿತಾರಲ್ರಿ, ಹಂಗ ಹಿಡಿತೀನಿ. ಬಿಟ್ರ ಕೆಸರು ಮಾರಿಗಿ ಸಿಡಿತೈತಿ. ಅಕ್ಕದೇರು ಬೈತಾರ."

"ಚೆಂಡು ಬಿಟ್ರ ನಾ ಬೈತೀನಿ."

"ನೀವು ಬೈದ್ರ ಕೆಸರು ಸಿಡಿಯಂಗಿಲ್ಲಲ್ರಿ," ಎಂದಳು. ಉಳಿದ ಹುಡುಗಿಯರು ನಕ್ಕರು. ಮನ್ಸೂರಅಲಿ ನಗಲಿಲ್ಲ. ಆ ಸಂಜೆ ತನಗೆ ಗೊತ್ತಿದ್ದುದನ್ನೆಲ್ಲ ಯಾವ ಕ್ರಮದಲ್ಲಿ ಕಲಿಸಬೇಕೆಂದು ಯೋಚಿಸುತ್ತ ಗಂಟೆ ಬಾರಿಸುವುದನ್ನೂ ಮರೆತ.

ಒಂದು ವರ್ಷ ಅವಳಿಗೆ ಅದನ್ನೆಲ್ಲ ಕಲಿಸಿದ. ಚೆಂಡು ಒದೆಯುವವಳ ಕಣ್ಣು ನೋಡಬೇಡ, ನೆಲಕ್ಕೂರಿದ ಕಾಲಿನ ತುದಿ ನೋಡು ಎಂದ. ಬಿದ್ದಾಗ ಮೊದಲು ತೊಡೆ, ಆಮೇಲೆ ಸೊಂಟ, ಕೊನೆಗೆ ಭುಜ ನೆಲಕ್ಕೆ ತಾಗಬೇಕು ಎಂದು ತಾನೇ ಬಿದ್ದು ತೋರಿಸಿದ. ಕೀಲು ತಪ್ಪಿದ ಭುಜ ಆ ವಾರವಿಡೀ ನೋಯಿತು. ಮೋನಮ್ಮ ಕೇಳಿದ್ದನ್ನು ಮಾಡುತ್ತಿದ್ದಳು, ಕೇಳದ್ದನ್ನೂ ಮಾಡುತ್ತಿದ್ದಳು. ಅವನು ಬೆಂಚಿನ ಮೇಲೆ ಕಾದ ಆರು ವರ್ಷ ಕೊನೆಗೂ ಯಾರದೋ ಕೈಗೆ ಹೋಗುತ್ತಿತ್ತು.

ತೊಂಬತ್ತೆಂಟರ ಅಕ್ಟೋಬರ್‌ನಲ್ಲಿ ರಾಜ್ಯ ಜೂನಿಯರ್ ಮಹಿಳಾ ತಂಡದ ಆಯ್ಕೆ ಗುಲ್ಬರ್ಗಾದಲ್ಲಿ ನಡೆಯಿತು. ಗೋಲ್‌ಕೀಪರ್‌ಗಳ ಪಟ್ಟಿಯಲ್ಲಿ ಮೋನಮ್ಮನ ಹೆಸರು ಮೊದಲನೆಯದು. ಜನವರಿಯ ಕೊನೆಗೆ ಬೆಂಗಳೂರಿನಲ್ಲಿ ಶಿಬಿರ. ಶಿಬಿರ ಮುಗಿಸಿದವರಿಗೆ ರಾಜ್ಯದ ಅಂಗಿ, ಆಮೇಲೆ ಕ್ರೀಡಾ ಕೋಟಾದಲ್ಲಿ ಓದು, ನೌಕರಿ. ಫಾರ್ಮ್ ತುಂಬುವಾಗ ಆಯ್ಕೆದಾರ ಅವಳ ಹತ್ತನೇ ತರಗತಿಯ ಅಂಕಪಟ್ಟಿ ನೋಡಿ ಪೆನ್ನು ಕೆಳಗಿಟ್ಟ. ಜನ್ಮದಿನಾಂಕ ಒಂದು ಜೂನ್ ಎಪ್ಪತ್ತೊಂಬತ್ತು. ಎಂಬತ್ತರ ಜನವರಿ ಒಂದರ ನಂತರ ಹುಟ್ಟಿದವರಿಗಷ್ಟೇ ಅವಕಾಶ.

"ಏಳು ತಿಂಗಳು ಹೆಚ್ಚಾಯ್ತಲ್ಲ ಸಾಹೇಬರೇ," ಎಂದ. ಅವನ ಮುಖದಲ್ಲೂ ಬೇಸರವಿತ್ತು. "ಡಿಸೆಂಬರ್ ಒಳಗೆ ಏನಾದರೂ ದಾಖಲೆ ತಂದರೆ ನೋಡೋಣ. ಹೆಸರು ಹೊಡೆದು ಹಾಕುವುದಿಲ್ಲ."

ವಾಪಸು ಬರುವ ರೈಲಿನಲ್ಲಿ ಮನ್ಸೂರಅಲಿ ಅಂಕಪಟ್ಟಿಯನ್ನು ಮತ್ತೆ ಮತ್ತೆ ತೆಗೆದು ನೋಡಿದ. ವಾಡಿ ಸ್ಟೇಷನ್ ದಾಟಿದ ಮೇಲೆ ಮೋನಮ್ಮ ತಾನಾಗಿಯೇ ಹೇಳಿದಳು.

"ಸರ್, ಅದು ನನ್ನ ವಯಸ್ಸಲ್ರಿ. ಅಕ್ಕಂದು."

"ಯಾವ ಅಕ್ಕ? ನಿನಗ ಅಕ್ಕ ಎಲ್ಲಿ ಅದಾಳ?"

"ಇಲ್ರಿ. ಆಕಿ ಹೆಸರ ಮೋನಮ್ಮ. ನನ್ನ ಹೆಸರ ಭೀಮವ್ವ."

ಅವಳು ಹೇಳಿದ್ದು ಇಷ್ಟು. ಎಂಬತ್ತನಾಲ್ಕರಲ್ಲಿ ಅವಳ ಅಪ್ಪ, ಅವ್ವ ಕಾಲುವೆ ತೋಡುವ ಕೆಲಸಕ್ಕೆ ಕೊಡೇಕಲ್ ಕಡೆಗೆ ಹೋದರು. ಮಣ್ಣು ಹೊರುವ ತಂಡದವರಿಗೆ ತಗಡಿನ ಗುಡಿಸಲುಗಳ ಕ್ಯಾಂಪ್ ಇತ್ತು. ದೊಡ್ಡ ಮಗಳು ಮೋನಮ್ಮನಿಗೆ ಐದು ವರ್ಷ. ಅದೇ ಜೂನ್‌ನಲ್ಲಿ ಊರ ಸಾಲೆಗೆ ಹೆಸರು ಹಚ್ಚಿದ್ದರು. ಹುಲಗಪ್ಪ ಮಾಸ್ತರರು ಎಲ್ಲ ಮಕ್ಕಳಿಗೂ ಬರೆಯುವಂತೆ ಅವಳಿಗೂ ಜೂನ್ ಒಂದು ಎಂದೇ ಬರೆದಿದ್ದರು. ಆ ಊರಿನ ಸಾಲೆಯಲ್ಲಿ ಬೇರೆ ದಿನ ಹುಟ್ಟಿದವರೇ ಇರಲಿಲ್ಲ. ಕ್ಯಾಂಪಿನಲ್ಲಿ ಚಳಿಗಾಲಕ್ಕೆ ದಡಾರ ಬಂತು. ಮೋನಮ್ಮ ನಾಲ್ಕು ದಿನ ಮಲಗಿ ಹೋದಳು. ತೋಡಿ ಹಾಕಿದ ಮಣ್ಣಿನ ಪಕ್ಕದಲ್ಲೇ ಹೂತರು. ಮುಂದಿನ ವರ್ಷ ಕಾಲುವೆ ಅಗಲವಾಯಿತು, ಸಿಮೆಂಟ್ ಬಂತು, ಆಮೇಲೆ ನೀರು ಬಂತು. ಅವಳ ಸಾವನ್ನು ಆ ಊರಿನವರು ಬರೆದುಕೊಳ್ಳಲಿಲ್ಲ, ಅವಳು ಆ ಊರಿನವಳಲ್ಲ. ಮಡ್ಡಿಹಾಳದಲ್ಲೂ ಬರೆಯಲಿಲ್ಲ, ಅವಳು ಅಲ್ಲಿ ಸತ್ತವಳಲ್ಲ.

ಎಂಬತ್ತೇಳರಲ್ಲಿ ಊರಿಗೆ ಮರಳಿದಾಗ ಸಣ್ಣ ಮಗಳಿಗೆ ಐದು ತುಂಬಿತ್ತು. ಅವ್ವ ಸಾಲೆಗೆ ಕರೆದೊಯ್ದಳು. ಮಾಸ್ತರರು ರಿಜಿಸ್ಟರ್ ತೆಗೆದರೆ ಮೋನಮ್ಮನ ಹೆಸರು ಇನ್ನೂ ಇತ್ತು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಸಾಲೆ ಮುಚ್ಚುತ್ತಾರೆಂಬ ಹೆದರಿಕೆಗೆ ಅವರು ಯಾರ ಹೆಸರನ್ನೂ ತೆಗೆಯುತ್ತಿರಲಿಲ್ಲ. ಈಗ ತೆಗೆದು ಹೊಸದು ಬರೆಯಲೇನವ್ವ ಎಂದು ಕೇಳಿದರು. "ತಗೀಬ್ಯಾಡ್ರಿ," ಎಂದಳು ಅವ್ವ. "ಈಕೀನ ಅದರಾಗ ಕೂಡಸ್ರಿ." ಮಾಸ್ತರರಿಗೂ ಬರೆಯುವ ಕೆಲಸ ತಪ್ಪಿತು. ಮನೆಯಲ್ಲಿ ಭೀಮವ್ವ ಆಗಿದ್ದವಳು ಸಾಲೆಯಲ್ಲಿ ಮೋನಮ್ಮ ಆದಳು. ಮೊದಲ ಒಂದು ತಿಂಗಳು ಅವ್ವ ಸಾಲೆಯ ಗೋಡೆಯ ಹೊರಗೆ ನಿಂತಿರುತ್ತಿದ್ದಳು. ಒಳಗಿಂದ ಮೋನಮ್ಮ ಎಂದು ಕರೆದದ್ದು, ಹಾಜರ್ರೀ ಎಂದದ್ದು ಕೇಳಿಸಿದ ಮೇಲೆ ಕೂಲಿಗೆ ಹೋಗುತ್ತಿದ್ದಳು.

"ಒಂದಿನ ಜ್ವರ ಬಂದು ನಾ ಸಾಲಿಗಿ ಹೋಗಲಿಲ್ರಿ ಸರ್," ಎಂದಳು ಹುಡುಗಿ, ಕಿಟಕಿಯ ಸರಳು ಹಿಡಿದು. "ಅವತ್ತು ಅವ್ವ ಬಾಳ ಅತ್ಲು. ನನಗ ಜ್ವರ ಅಂತ ಅತ್ಲೋ, ಹೆಸರು ಕರದಾಗ ಯಾರೂ ಓ ಅನ್ನಲಿಲ್ಲಂತ ಅತ್ಲೋ, ಗೊತ್ತಿಲ್ರಿ."

ಮನ್ಸೂರಅಲಿಗೆ ವಯಸ್ಸಿನ ಕಾಗದ ಹೊಸದಲ್ಲ. ಇಪ್ಪತ್ತೆರಡು ತುಂಬಿದ್ದಾಗ ಹತ್ತೊಂಬತ್ತೆಂದು ಬರೆಸಿಕೊಂಡು ಹೈದರಾಬಾದಿನಲ್ಲಿ ಆಡಿದ್ದ. ಅದನ್ನು ಬರೆಸಿದವರೂ ಬರೆದವರೂ ತಪ್ಪೆಂದುಕೊಂಡಿರಲಿಲ್ಲ. ಮರುದಿನವೇ ಶಹಾಪುರಕ್ಕೆ ಹೋದ. ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಅಲ್ಲಾಬಕ್ಷ ಅವನ ಬಾಲ್ಯದ ಗೆಳೆಯ. ಇಪ್ಪತ್ತು ವರ್ಷದಿಂದ ಅದೇ ಸ್ಟೂಲು, ಅದೇ ಟೈಪ್ ಮಷೀನು.

"ಅಲಾ ಇವನ! ಹುಡುಗೀದು ವಯಸ್ಸು ಹೆಚ್ಚು ಬರ್ಸ್ಯಾರೇನು?" ಅಲ್ಲಾಬಕ್ಷ ಕನ್ನಡಕ ಹಣೆಗೇರಿಸಿದ. "ಜಿಂದಗಿಯಾಗ ಇದ ಮೊದಲ ಸಲ ನೋಡಾಕತ್ತೇನಿ. ಚಿಂತಿ ಮಾಡಬ್ಯಾಡ. ದವಾಖಾನಿದು ಒಂದು ದಾಖಲಿ ತಯಾರ ಮಾಡೂನು, ನಾಳಿ ಸಂಜಿಮುಂದ ಆಕಿ ಹುಟ್ತಾಳ. ಯಾವ ವರ್ಷ ಬೇಕು ಹೇಳು."

ಪ್ರಿನ್ಸಿಪಾಲರು ಇದಕ್ಕೆ ಒಪ್ಪಲಿಲ್ಲ. ದನಿ ಏರಿಸದೆ, ಮೇಜಿನ ಮೇಲಿನ ಕಾಗದಗಳನ್ನು ಸರಿಪಡಿಸುತ್ತ ಹೇಳಿದರು: "ಸುಳ್ಳು ಕಾಗದದ ಮ್ಯಾಲ ಈ ಕಾಲೇಜಿನ ಸೀಲ್ ಬೀಳಂಗಿಲ್ಲ ಮನ್ಸೂರ್. ಖರೇ ಏನೈತಿ ಅದು ನಮ್ಮ ಕಡೀನ ಐತಲ್ಲ. ಅದನ್ನ ಬರಸು."

ಖರೇದನ್ನು ಬರೆಸುವ ದಾರಿಯನ್ನು ಅಲ್ಲಾಬಕ್ಷ ಬೆರಳು ಮಡಿಸಿ ವಿವರಿಸಿದ. ಹದಿನಾಲ್ಕು ವರ್ಷದ ಹಿಂದಿನ ಸಾವು. ಈಗ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಪ್ಪ ತೀರಿಕೊಂಡಿರುವುದರಿಂದ ಅವ್ವನೇ ಕೋರ್ಟಿನಲ್ಲಿ ಹೇಳಬೇಕು. ಆಮೇಲೆ ಸಣ್ಣವಳ ಜನನದ ನೋಂದಣಿ, ಆಮೇಲೆ ಅಂಕಪಟ್ಟಿಯ ತಿದ್ದುಪಡಿ.

"ಮೊದಲು ಕಾಗದದಾಗ ದೊಡ್ಡಾಕಿ ಸಾಯಬೇಕು," ಎಂದ. "ಅವ್ವ ಬಾಯಿಬಿಟ್ಟು ಹೇಳ್ತಾಳೇನು ಕೇಳು."

ಅವ್ವ ಭಾಗಮ್ಮ ಹೇಳುವವಳಾಗಿರಲಿಲ್ಲ. ಮನ್ಸೂರಅಲಿ ಮೊದಲ ಸಲ ಮಡ್ಡಿಹಾಳಕ್ಕೆ ಹೋದಾಗ ಅವಳು ಚಹಾ ಕೊಟ್ಟು, ಮಗಳ ಊಟ, ಹಾಸ್ಟೆಲಿನ ನೀರು, ಚಳಿಗೆ ಹೊದಿಕೆ ಇದೆಯೋ ಇಲ್ಲವೋ ಎಂಬುದನ್ನೆಲ್ಲ ಕೇಳಿದಳು. ವಿಷಯ ತೆಗೆದ ಕೂಡಲೇ ಎದ್ದು ದನದ ಮುಂದೆ ಮೇವು ಹಾಕಲು ಹೋದವಳು ಅವನು ಬಸ್ಸಿಗೆ ಹೊರಡುವ ತನಕ ಒಳಗೆ ಬರಲಿಲ್ಲ. ಎರಡನೇ ಸಲ ಅಲ್ಲಾಬಕ್ಷನನ್ನೂ ಕರೆದುಕೊಂಡು ಹೋದ. ಅವತ್ತು ಕುಳಿತು ಪೂರ್ತಿ ಕೇಳಿಸಿಕೊಂಡಳು.

"ಆಕಿ ಹೋದ್ಳು ಅಂತ ಬರದ್ರ, ಈಕಿ ಯಾರ ಹೆಸರ ಮ್ಯಾಲ ಕಲೀಬೇಕ್ರಿ ಮಾಸ್ತರ್ರ?" ಎಂದು ಕೇಳಿದಳು.

"ತನ್ನ ಹೆಸರ ಮ್ಯಾಲ, ಅಕ್ಕಾ. ತಿದ್ದಿ ಕೊಡ್ತಾರ."

"ಹನ್ನೊಂದು ವರ್ಷದ್ದು ಎಲ್ಲಾ ತಿದ್ತಾರೇನ್ರಿ?"

ಅಲ್ಲಾಬಕ್ಷ ತೊಡೆ ತಟ್ಟಿ ನಕ್ಕ. "ಯವ್ವಾ, ನೀ ವಕೀಲ್ಕಿ ಓದಬೇಕಾಗಿತ್ತು ನೋಡು! ಕೋರ್ಟಿನ ಆರ್ಡರ್ ಕೈಯಾಗ ಇದ್ರ ತಿದ್ದಲಾರದೇ ಎಲ್ಲಿ ಹೋಗ್ತಾರ?" ಮನ್ಸೂರಅಲಿಯೂ ನಕ್ಕ. ಬಾಗಿಲಲ್ಲಿ ನಿಂತ ನೆರೆಮನೆಯವರೂ ನಕ್ಕರು. ಭಾಗಮ್ಮ ನಗಲಿಲ್ಲ.

"ನನಗ ತಿಳಿಯಂಗಿಲ್ರಿ, ನೀವು ಓದಿದವ್ರು," ಎಂದಳು. "ಆದ್ರ ಆ ಮಾತು ನನ್ನ ಬಾಯಿಲೆ ಬರಂಗಿಲ್ಲ. ದೊಡ್ಡಾಕಿ ಎಲ್ಲಿ ಅಂತ ಯಾರರ ಕೇಳಿದ್ರ, ಕ್ಯಾಂಪಿನ್ಯಾಗ ಬಿಟ್ಟು ಬಂದೀವಿ ಅಂತೀನಿ. ಅಷ್ಟ. ಅದಕ್ಕಿಂತ ಮುಂದ ನಾ ಎಂದೂ ಅಂದಿಲ್ಲ."

ಮನ್ಸೂರಅಲಿ ಒತ್ತಾಯ ಮಾಡಲಿಲ್ಲ. ಹೊರಡುವಾಗ ಒಂದೇ ಮಾತು ಹೇಳಿದ: "ಮಗಳ ಆಟ ಒಮ್ಮೆ ನೋಡಾಕ ಬರ್ರಿ ಅಕ್ಕಾ."

ನವೆಂಬರ್ ಕೊನೆಯ ವಾರ, ನೀರು ಬಂದ್ ಆದ ದಿನಗಳಲ್ಲಿ, ರಾಯಚೂರಿನಿಂದ ಬಂದ ಒಂದು ತಂಡದೊಡನೆ ಪಂದ್ಯವಿತ್ತು. ಭಾಗಮ್ಮ ಬಂದಳು. ತಲೆಯ ಮೇಲೆ ಸೆರಗು ಹೊದ್ದು, ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ಗೋಲುಕಂಬದ ಹಿಂದಿನ ಕಟ್ಟೆಯ ಮೇಲೆ ಕುಳಿತಳು. ಎಷ್ಟು ಹೇಳಿದರೂ ಕುರ್ಚಿಯ ಕಡೆ ಬರಲಿಲ್ಲ. ಮಗಳ ಬೆನ್ನು ಅಲ್ಲಿಂದ ಹತ್ತಿರ ಕಾಣುತ್ತಿತ್ತು.

ಹನ್ನಾ ಕಾಲೇಜು ಅರ್ಧ ಸಮಯಕ್ಕೆ ಒಂದು ಗೋಲು ಮುಂದಿತ್ತು. ಆಮೇಲಿನದೆಲ್ಲ ಒಂದೇ ಕಡೆಯ ಆಟ. ರಾಯಚೂರಿನವರು ಮೇಲಿಂದ ಮೇಲೆ ಬಂದರು, ಮೋನಮ್ಮ ಮೇಲಿಂದ ಮೇಲೆ ಬಿದ್ದಳು. ಮೊದಲು ಹಾಸ್ಟೆಲಿನ ಹುಡುಗಿಯರು ಕೂಗತೊಡಗಿದರು. ಆಮೇಲೆ ಕಂಪೌಂಡಿನ ಹೊರಗೆ ನಿಂತ ಆಟೋದವರು, ರೈಲ್ವೆ ಕಾಲೋನಿಯ ಗಂಡಸರು, ಚರ್ಚಿನಿಂದ ಎದ್ದುಬಂದ ಮುದುಕಿಯರೂ ಕೂಗಿದರು. "ಮೋನಮ್ಮಾ! ಮೋನಮ್ಮಾ!" ಕೊನೆಯ ಹತ್ತು ನಿಮಿಷ ಆ ಮೈದಾನದಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಯ ಸೀಟಿ ಊದಿದಾಗ ರಾಯಚೂರಿನವರಿಗೆ ಒಂದು ಗೋಲೂ ಸಿಕ್ಕಿರಲಿಲ್ಲ. ಹುಡುಗಿಯರು ಅವಳನ್ನು ಹೊತ್ತುಕೊಂಡು ಓಡಿದರು.

ಮನ್ಸೂರಅಲಿ ಕಟ್ಟೆಯ ಕಡೆ ನೋಡಿದ. ಭಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ, ಮಗಳು ಹತ್ತು ಹೆಜ್ಜೆ ಮುಂದೆ ಗೆಳತಿಯರೊಂದಿಗೆ ಹೋಗುತ್ತಿದ್ದಾಗ, ಅವಳು ಹೇಳಿದಳು.

"ಎಷ್ಟು ಮಂದಿ ಕರದ್ರಲ್ರಿ ಆಕೀನ."

"ಹೌದು ಅಕ್ಕಾ."

"ಇಷ್ಟು ಮಂದಿ ಯಾರನ್ನೂ ಕರಿಯಂಗಿಲ್ಲ. ರಾಜನ ಮಗಳನ್ನೂ ಕರಿಯಂಗಿಲ್ಲ." ಬುತ್ತಿಯ ಗಂಟನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡಳು. "ಸಾಕಾತ್ರಿ ಮಾಸ್ತರ್ರ. ಇನ್ನ ದೊಡ್ಡಾಕೀನ ಕಳಸ್ತೀನಿ. ಸಣ್ಣಾಕಿ ತನ್ನ ಹೆಸರು ತಾ ತಗೊಳ್ಳಲಿ. ಎಂದು ಬರಬೇಕು ಹೇಳ್ರಿ, ಹೆಬ್ಬಟ್ಟು ಒತ್ತತೀನಿ."

ಡಿಸೆಂಬರ್ ಎರಡನೇ ವಾರ ಶಹಾಪುರದ ಕೋರ್ಟಿನಲ್ಲಿ ಭಾಗಮ್ಮನನ್ನು ಕಟಕಟೆಗೆ ಕರೆದರು. ಮನ್ಸೂರಅಲಿ ಹಿಂದಿನ ಬೆಂಚಿನಲ್ಲಿದ್ದ. ಮಗಳ ಹೆಸರೇನು ಎಂದು ಕೇಳಿದರು. ಮೋನಮ್ಮ ಎಂದಳು. ಏನಾಯಿತು ಎಂದರು. ಅವಳು ತಿರುಗಿ ಮನ್ಸೂರಅಲಿಯ ಕಡೆ ನೋಡಿದಳು. ಅವನು ತಲೆಯಾಡಿಸಿದ.

"ತೀರ್ಕೊಂಡ್ಳ್ರಿ," ಎಂದಳು.

"ಜೋರಾಗಿ ಹೇಳಮ್ಮ."

"ತೀರ್ಕೊಂಡ್ಳ್ರಿ."

"ಎಲ್ಲಿ ಮಣ್ಣು ಮಾಡಿದ್ರಿ?"

"ಈಗ ನೀರು ಹರಿತೈತಲ್ರಿ, ಅದರ ತಳಗ."

ಅವಳು ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಂಡರು. ಹೊರಗೆ ಬಂದಾಗ ಅಲ್ಲಾಬಕ್ಷ ಸೋಡಾ ತರಿಸಿದ. ಭಾಗಮ್ಮ ಕುಡಿಯಲಿಲ್ಲ, ಗ್ಲಾಸನ್ನು ಮಗಳ ಕೈಗೆ ಕೊಟ್ಟು, "ಕುಡಿ ಭೀಮವ್ವ," ಎಂದಳು. ಅವತ್ತು ಉಳಿದ ಮೂರೂ ಜನ ನಕ್ಕದ್ದುಂಟು. ಗುಲ್ಬರ್ಗಾದ ಆಯ್ಕೆದಾರನಿಗೆ ಮನ್ಸೂರಅಲಿ ಫೋನ್ ಮಾಡಿ ಕಾಗದಗಳು ಬರುತ್ತಿವೆ ಎಂದ. ಜನವರಿ ಹದಿನೈದರ ತನಕ ಕಾಯುತ್ತೇನೆಂದು ಆತ ಹೇಳಿದ.

ಮರಣ ಪ್ರಮಾಣಪತ್ರ ಜನವರಿ ನಾಲ್ಕರಂದು ಕೈಗೆ ಬಂತು. ಆರರಂದು ಮನ್ಸೂರಅಲಿ ಅದನ್ನೂ ಸಣ್ಣವಳ ಜನನಪತ್ರವನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗುಲ್ಬರ್ಗಾಕ್ಕೆ ಒಯ್ದ. ಅಂಕಪಟ್ಟಿ ತಿದ್ದುವ ಕಚೇರಿಯ ಸೂಪರಿಂಟೆಂಡೆಂಟ್ ದೇವಿಂದ್ರಪ್ಪ ಸಭ್ಯ ಮನುಷ್ಯ. ಕೂಡಿಸಿ, ನೀರು ಕೊಟ್ಟು, ಕಾಗದಗಳನ್ನು ಎರಡು ಸಲ ಓದಿದರು.

"ಇದರಾಗ ತಿದ್ದೋದು ಏನೈತ್ರಿ?" ಎಂದರು.

"ಹುಟ್ಟಿದ ತಾರೀಖು ಸಾಹೇಬ್ರ. ತಪ್ಪು ಬಿದ್ದೈತಿ."

"ತಪ್ಪು ಎಲ್ಲಿ ಬಿದ್ದೈತಿ? ಅಂಕಪಟ್ಟಿ ಮೋನಮ್ಮಂದು. ತಾರೀಖೂ ಮೋನಮ್ಮಂದ. ಬರೋಬ್ಬರಿ ಐತಿ. ನೀವ ತಂದ ಕೋರ್ಟಿನ ಆರ್ಡರ್ ಪ್ರಕಾರ ಮೋನಮ್ಮ ಎಂಬತ್ತೈದರ ಜನವರಿಯಾಗ ತೀರ್ಕೊಂಡಾಳ. ತೊಂಬತ್ತೇಳರಾಗ ಆಕಿ ಹತ್ತನೇದು ಹ್ಯಾಂಗ ಪಾಸಾದ್ಳು?"

ಮನ್ಸೂರಅಲಿ ಕೋರ್ಟಿನ ಆರ್ಡರನ್ನು ತನ್ನ ಕಡೆಗೆ ತಿರುಗಿಸಿ ತಾರೀಖು ಓದಿಕೊಂಡ.

"ಸತ್ತವರ ಹೆಸರಿನ್ಯಾಗ ಇನ್ನೊಬ್ಬಾಕಿ ಪರೀಕ್ಷಾ ಬರದಾಳ ಅಂತ ಇದರ ಅರ್ಥ," ದೇವಿಂದ್ರಪ್ಪ ದನಿ ತಗ್ಗಿಸಿದರು. "ನಾ ಕಣ್ಣಿಲೆ ನೋಡೀನಿ ಅಂದಮ್ಯಾಲ ಸುಮ್ನ ಬಿಡಾಕ ಬರಂಗಿಲ್ಲ. ನೀವು ಮೊದಲ ನನ್ನ ಕೇಳಿದ್ರ, ಹುಟ್ಟಿದ ತಾರೀಖಿನ ದಾವೆ ಒಂದ ಹಾಕ್ರಿ, ದೊಡ್ಡಾಕಿ ಸುದ್ದಿ ತಗೀಬ್ಯಾಡ್ರಿ ಅಂತಿದ್ದೆ."

"ಮರಣದ ಕಾಗದ ರದ್ದು ಮಾಡಸ್ತೀನಿ ಸಾಹೇಬ್ರ."

"ಏನಂತ ಮಾಡಸ್ತೀರಿ? ಖರೇನ ಸತ್ತಾಳಲ್ರಿ ಆ ಹುಡುಗಿ."

ಹುಡುಗಿ ಸಣ್ಣವಳು, ಬಡವಳು. ಕೇಸು ಬೇಡ, ಕಾಲೇಜೇ ಅವಳ ಹೆಸರು ತೆಗೆದುಹಾಕಿ ಅಂಕಪಟ್ಟಿ ವಾಪಸು ಕಳಿಸಲಿ ಎಂದು ದೇವಿಂದ್ರಪ್ಪ ಹೇಳಿದರು. ತಮ್ಮ ಅಧಿಕಾರದಲ್ಲಿದ್ದ ಕರುಣೆಯನ್ನು ಅವರು ಪೂರ್ತಿ ತೋರಿಸಿದ್ದರು. ಪತ್ರ ಕಾಲೇಜಿಗೆ ಬಂದ ದಿನ ಪ್ರಿನ್ಸಿಪಾಲರು ಅದನ್ನು ಓದಿ, ಬಾಗಿಲು ಹಾಕಿಕೊಂಡು, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು. "ಖರೇ ಬರಸು ಅಂದಾಕಿ ನಾನ," ಎಂದರು. ಪಿಯುಸಿ ಪರೀಕ್ಷೆಗೆ ಮೂರು ತಿಂಗಳಿತ್ತು. ಹಾಜರಿ ಪುಸ್ತಕದಲ್ಲಿ ಮೋನಮ್ಮನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಸಹಿ ಮಾಡಿದರು. ಭೀಮವ್ವ ಟ್ರಂಕು ತೆಗೆದುಕೊಂಡು ಊರಿಗೆ ಹೋದಳು. ಮನ್ಸೂರಅಲಿಗೆ ಆಗ ಅವಳ ಎದುರು ನಿಲ್ಲುವ ಧೈರ್ಯ ಆಗಲಿಲ್ಲ. ಅವತ್ತು ಬೇಕೆಂದೇ ಅಂಚೆ ಕಚೇರಿಗೆ ಹೋಗಿ ಹೊತ್ತು ಕಳೆದ.

ಹತ್ತು ದಿನ ಕಳೆದು ಮಡ್ಡಿಹಾಳಕ್ಕೆ ಹೋದ. ಎರಡನೇ ಬೆಳೆಗೆ ನೀರು ಬಿಟ್ಟಿದ್ದರು. ಊರಿನಲ್ಲಿ ಕೆಲಸ ಮಾಡಬಲ್ಲವರು ಯಾರೂ ಇರಲಿಲ್ಲ. ಸೊಂಟ ಹಿಡಿದು ಎರಡು ದಿನದಿಂದ ಮನೆಯಲ್ಲೇ ಇದ್ದ ಭಾಗಮ್ಮ ಚಾಪೆ ಹಾಸಿದಳು. ಸಣ್ಣವಳು ಯಾರ ಹೆಸರಿನ ಮೇಲೆ ಕಲಿಯಬೇಕೆಂದು ತಾನು ಅವತ್ತು ಕೇಳಿದ್ದನ್ನು ಅವಳು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಮನ್ಸೂರಅಲಿಗೆ ಸುಲಭವಾಗುತ್ತಿತ್ತು.

"ತಪ್ಪು ನನ್ನದ ಅಕ್ಕಾ," ಎಂದ.

"ಯಾರದಾದ್ರೇನ್ರಿ." ಮಗಳು ತಂದು ಗೂಡಿನಲ್ಲಿಟ್ಟಿದ್ದ ಮರಣಪತ್ರ ತೆಗೆದು ಮಡಿಕೆ ಬಿಚ್ಚಿ, ಅಕ್ಷರ ಬರದ ಕಣ್ಣಿನಿಂದ ನೋಡಿ, ಮತ್ತೆ ಮಡಚಿದಳು. "ದೊಡ್ಡಾಕಿದು ಒಂದು ಕಾಗದ ಆತು. ಸಣ್ಣಾಕಿ ಕಲ್ತದ್ದರ ಕಾಗದ ಒಂದೂ ಉಳಿಲಿಲ್ಲ. ಆಕಿ ಮಾತಾಡ್ವಲ್ಲಳು ಮಾಸ್ತರ್ರ. ಉಣ್ತಾಳ, ಗದ್ದಿಗಿ ಹೋಗ್ತಾಳ, ಬರ್ತಾಳ. ನಾ ಭೀಮವ್ವ ಅಂದ್ರ ಓ ಅಂತಾಳ. ಅಷ್ಟ."

ಗದ್ದೆ ಊರ ಹೊರಗೆ, ಉಪಕಾಲುವೆಯ ಕೆಳಗಿತ್ತು. ಹನ್ನೆರಡು ಹೆಂಗಸರು ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ಮನ್ಸೂರಅಲಿ ಬದುವಿನ ಮೇಲೆ ನಿಂತ.

"ಯಾರ ಬೇ ಅವ? ನಿನ್ನ ನೋಡಾಕ ಬಂದ ವರಾ ಏನ ಭೀಮಿ?" ಎಂದು ಒಬ್ಬಳು ಕೇಳಿದಳು.

"ಅಯ್ಯ, ಗಡ್ಡ ಬೆಳ್ಳಗಾಗೇತಿ! ವರನ ಅಪ್ಪ ಇರಬೇಕು," ಎಂದಳು ಇನ್ನೊಬ್ಬಳು. ಸಾಲು ನಕ್ಕಿತು.

"ನಮ್ಮ ಸರ್ ಅದಾರ," ಎಂದಳು ಭೀಮವ್ವ. ನಗು ನಿಂತಿತು. ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. ಮೊಣಕೈ ತನಕ ಕೆಸರು. "ಯಾಕ ಬರಾಕ ಹೋದ್ರಿ ಸರ್, ಬಿಸಿಲಾಗ?"

ಅವನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳಲ್ಲಿ ಕೈಗೆ ಸಿಕ್ಕದ್ದು ಒಂದೇ. "ಮಿಸ್ ಫಾರ್ಮ್ ತರಸ್ಯಾರ. ಹೊರಗಿಂದ ಪರೀಕ್ಷಾ ಕಟ್ಟಬೌದಂತ. ನಿನ್ನ ಹೆಸರಿನ ಮ್ಯಾಲ. ಭೀಮವ್ವ ಅಂತ."

"ಯಾವ ಕ್ಲಾಸಿಂದ್ರಿ ಸರ್?"

"ಮೊದಲ ಏಳನೇದು. ಆಮ್ಯಾಲ ಹತ್ತನೇದು."

"ಏಳನೇದು ನಾ ಫಸ್ಟ್ ಕ್ಲಾಸಿನ್ಯಾಗ ಪಾಸಾಗೀನ್ರಿ ಸರ್."

"ಗೊತ್ತೈತಿ."

"ಹತ್ತನೇದೂ."

"ಗೊತ್ತೈತಿ ಯವ್ವಾ."

ಅವಳು ಕೈಯಲ್ಲಿನ ಸಸಿಗಳ ಬೇರಿನ ಕೆಸರು ಕೊಡವಿದಳು. "ಕ್ಯಾಂಪ್ ಎಂದು ಸುರು ಆಗ್ತೈತ್ರಿ?"

"ಇವತ್ತ ಸುರು ಆತು."

"ಯಾರು ಹೋದ್ರಿ ನನ್ನ ಜಾಗಾದಾಗ?"

"ಧಾರವಾಡದ ಕಡೀ ಹುಡುಗಿ."

"ಆ ಎತ್ತರದಾಕಿನ? ಚೊಲೋ ಹಿಡಿತಾಳ್ರಿ ಆಕಿ. ಕೆಳಗಿನ ಚೆಂಡಿಗಿ ಸ್ವಲ್ಪ ತಡಾ ಮಾಡ್ತಾಳ." ಇಷ್ಟು ಹೇಳುವಾಗ ಮಾತ್ರ ಅವಳ ದನಿ ಮೈದಾನದ ದನಿಯಂತಿತ್ತು. ಪಕ್ಕದ ಹೆಂಗಸು ಹಿಂದೆ ಸರಿದು ಕಾಯುತ್ತಿದ್ದಳು. "ನೀವು ಹೋಗ್ರಿ ಸರ್. ನಾ ನಿಂತ್ರ ಸಾಲು ನಿಲ್ತೈತಿ. ಇವರ ಕೂಲಿ ಗಿಟ್ಟಂಗಿಲ್ಲ."

ಅವಳು ಬಗ್ಗಿದಳು. ನಾಟಿ ಹಚ್ಚುವವರು ಹಿಂದಕ್ಕೆ ಹೆಜ್ಜೆಯಿಡುತ್ತ ಹೋಗುತ್ತಾರೆ. ಹಚ್ಚಿದ್ದು ಕಣ್ಣೆದುರಿಗೆ ಉಳಿಯುತ್ತದೆ, ಹೋಗಬೇಕಾದದ್ದು ಬೆನ್ನಿಗಿರುತ್ತದೆ. ಭೀಮವ್ವ ಮನ್ಸೂರಅಲಿಯ ಕಡೆಗೇ ಮುಖವಿಟ್ಟು, ಆದರೆ ತಲೆ ಎತ್ತದೆ, ಒಂದೊಂದೇ ಹೆಜ್ಜೆ ದೂರವಾದಳು. ಅವಳ ಕೈ ಎಲ್ಲರಿಗಿಂತ ಚುರುಕಾಗಿತ್ತು. ನಡುವೆ ಹಸಿರು ಸಾಲುಗಳು ಹೆಚ್ಚುತ್ತ ಹೋದವು. ಅರ್ಧ ಗದ್ದೆ ಆದ ಮೇಲೆ ಹನ್ನೆರಡು ಬಗ್ಗಿದ ಬೆನ್ನುಗಳಲ್ಲಿ ಅವಳದು ಯಾವುದೆಂದು ಅವನಿಗೆ ಗುರುತು ಹಿಡಿಯಲಾಗಲಿಲ್ಲ. ಸಾಲು ಆಚೆಯ ಬದುವಿಗೆ ಮುಟ್ಟಿತು. ಹೆಂಗಸರು ಮೇಲೆ ಹತ್ತಿ, ಕಾಲುವೆಯ ನೀರಿನಲ್ಲಿ ಕೈ ತೊಳೆಯದೆಯೇ, ಮುಂದಿನ ಗದ್ದೆಗೆ ಇಳಿದರು.